ಮೂರು ಇಂಚು ಆತ

ಬೆಳಗಾವಿಯ ಖಾಸಬಾಗದ ಅಜಿತಕುಮಾರರು ಕಟ್ಟಿದ ಮನೆಗಳಲ್ಲಿ ಇವತ್ತಿನವರೆಗೆ ಒಂದು ಗೋಡೆಯೂ ಬಿರುಕು ಬಿಟ್ಟಿಲ್ಲ ಎಂಬ ಮಾತು ಅವರ ಮನೆಯ ಊಟದಲ್ಲಿ ಉಪ್ಪಿನಕಾಯಿಯ ಹಾಗೆ, ಕೇಳಿದರೂ ಕೇಳದಿದ್ದರೂ ದಿನವೂ ತಟ್ಟೆಗೆ ಬೀಳುತ್ತಿತ್ತು. ಬಡಿಸುವವರು ಸ್ವತಃ ಅಜಿತಕುಮಾರರೇ. ಹದಿನಾರನೇ ವಯಸ್ಸಿಗೆ ಗೌಂಡಿಗಳ ಕೈಕೆಳಗೆ ಸಿಮೆಂಟಿನ ಬುಟ್ಟಿ ಹೊತ್ತು, ಮುಂದೆ ತಾವೇ ಗೌಂಡಿಯಾಗಿ, ಆಮೇಲೆ ಗುತ್ತಿಗೆ ಹಿಡಿದು ಮೇಲೆ ಬಂದವರು. ಅವರ ಹೆಮ್ಮೆಯಲ್ಲಿ ಸುಳ್ಳಿರಲಿಲ್ಲ. ಸೊಸೆ ಸುಹಾಸಿನಿ ಎಂಟು ವರ್ಷದಿಂದ ಆ ಮಾತು ಕೇಳುತ್ತ ಬಂದಿದ್ದಳು. ಹಾಗಾಗಿ ಖಾನಾಪುರದಲ್ಲಿ ಅವಳ ತಂದೆ ಪಾಯಪ್ಪನವರು ಮನೆ ಕಟ್ಟಿಸುತ್ತೇನೆಂದಾಗ ಬೇರೆ ಯಾರ ಹೆಸರೂ ಅವಳ ಬಾಯಿಗೆ ಬರಲಿಲ್ಲ.

ಪಾಯಪ್ಪನವರು ಖಾನಾಪುರದ ಬಜಾರಿನಲ್ಲಿ ನಲವತ್ತು ವರ್ಷ ಶಾಲೆಯ ಮಕ್ಕಳ ಚಡ್ಡಿ, ಅಂಗಿ ಹೊಲಿದವರು. ಈಗ ಕಣ್ಣು ಮಂಜಾಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೆಂಡತಿ ಅಕ್ಕವ್ವನನ್ನು ಕರೆಯಬೇಕಾಗುತ್ತಿತ್ತು. ಕೆಳಗೆ ತಾವಿಬ್ಬರು, ಮೇಲೆ ಬಾಡಿಗೆಗೊಂದು ಮನೆ, ಮಷಿನ್ ತುಳಿಯುವುದು ನಿಂತ ದಿನದಿಂದ ಆ ಬಾಡಿಗೆಯಲ್ಲೇ ಊಟ ಎಂದು ಅವರ ಯೋಚನೆ. ಗಂಡುಮಕ್ಕಳಿಲ್ಲ, ಇರುವವಳು ಸುಹಾಸಿನಿ ಒಬ್ಬಳೇ. ಬೀಗರೇ ಕಟ್ಟಿಕೊಡುವಾಗ ಕರಾರುಪತ್ರ ಯಾಕೆ ಎಂದು ಅವರು ಒಂದು ಕಾಗದವನ್ನೂ ಮಾಡಿಸಲಿಲ್ಲ.

ಕೆಲಸದ ಉಸ್ತುವಾರಿ ಸುಹಾಸಿನಿಯ ಗಂಡ ಅರಿಹಂತನದು. ಸಿವಿಲ್ ಡಿಪ್ಲೊಮಾ ಮುಗಿಸಿದ್ದ, ಅಪ್ಪನ ಜೊತೆ ಹತ್ತು ವರ್ಷ ದುಡಿದಿದ್ದ. ಖಾನಾಪುರದಲ್ಲಿ ನಿಂತು ಮಾಡಿಸಲು ಪುಂಡಲೀಕ ಎಂಬ ಗೌಂಡಿಯನ್ನು ಹಿಡಿದಿದ್ದರು. ಅವನ ಮನೆಮಾತು ಮರಾಠಿ. ಮಾಲಕರ ಜೊತೆ ಕನ್ನಡ ಮಾತಾಡುತ್ತಿದ್ದ, ಗಡಿಬಿಡಿಯಾದರೆ ಅರ್ಧ ವಾಕ್ಯ ಕನ್ನಡ, ಅರ್ಧ ಮರಾಠಿ. ಆ ಊರಿನಲ್ಲಿ ಇದು ಯಾರಿಗೂ ವಿಶೇಷವಲ್ಲ.

ಡಿಸೆಂಬರಿನ ಮೊದಲ ವಾರ ಕಾಲಂಗಳಿಗೆ ಕಾಂಕ್ರೀಟ್ ತುಂಬುವ ದಿನ ಬಂತು. ಅವತ್ತೇ ಟಿಳಕವಾಡಿಯ ಇನ್ನೊಂದು ಕಟ್ಟಡಕ್ಕೆ ಕಬ್ಬಿಣ ಬರುವುದಿದ್ದುದರಿಂದ ಅರಿಹಂತ ಅಲ್ಲಿಗೆ ಹೋಗಿದ್ದ. ಫೋನು ಚಾರ್ಜಿಗೆ ಹಾಕಿದ್ದು ಮನೆಯಲ್ಲೇ ಮರೆತಿದ್ದ. ಹತ್ತು ಗಂಟೆಗೆ ಅದು ಬಡಿದುಕೊಂಡಾಗ ಸುಹಾಸಿನಿ ರೊಟ್ಟಿ ಬಡಿಯುತ್ತಿದ್ದಳು. ಕೈತುಂಬ ಹಿಟ್ಟು. ಮೊಣಕೈಯಿಂದಲೇ ಒತ್ತಿ ಸ್ಪೀಕರಿಗೆ ಹಾಕಿ, ಅವರು ಮನೆಯಲ್ಲಿಲ್ಲ ಅಂದಳು. ಆ ಕಡೆ ಕಾಂಕ್ರೀಟ್ ಕಲೆಸುವ ಮಷಿನ್ ಗರಗರ ಅನ್ನುತ್ತಿತ್ತು.

“ವೈನಿ, ಪುಂಡಲೀಕ ಮಾತಾಡತೀನಿ. ಮೂಲಿ ಕಾಲಂ ಮೂರ ಇಂಚ ಆತ. ಹಾಕೂ ಕಾ?”

ಕೊನೆಯ ಎರಡು ಮಾತು ಮಷಿನ್ನಿನ ಸದ್ದಿನಲ್ಲಿ ಹೋದವು.

“ಆತು, ಆತು. ಅವ್ರು ಬಂದ್ರ ಹೇಳ್ತೀನಿ,” ಅಂದಳು ಸುಹಾಸಿನಿ.

ಇಷ್ಟೇ ನಡೆದದ್ದು. ಈ ಕಡೆಯ ಕನ್ನಡದಲ್ಲಿ ‘ಆತ’ ಅಂದರೆ ಆಯಿತು, ಮುಗಿಯಿತು. ಮರಾಠಿಯಲ್ಲಿ ‘ಆತ’ ಅಂದರೆ ಒಳಗೆ. ಮೂಲೆಯ ಕಾಲಂ ದಾರದ ಗೆರೆಗಿಂತ ಮೂರು ಇಂಚು ಒಳಗೆ ಸರಿದಿದೆ, ಹೀಗೇ ಹಾಕಲೋ ಬೇಡವೋ ಎಂದು ಪುಂಡಲೀಕ ಕೇಳಿದ್ದ. ಸುಹಾಸಿನಿ ಆಯಿತು ಅಂದಳು. ಯಜಮಾನರ ಮನೆಯಿಂದಲೇ ಆಯಿತು ಅಂದ ಮೇಲೆ ಪುಂಡಲೀಕ ಹಾಕಿಬಿಟ್ಟ. ಖಾನಾಪುರದ ಓಣಿಯ ಮರಾಠಿ ಹುಡುಗಿಯರ ಜೊತೆ ಕುಂಟಾಬಿಲ್ಲೆ ಆಡಿ ಬೆಳೆದವಳು ಅವಳು, ಕನಸಿನಲ್ಲಿ ಕೇಳಿದರೂ ಆ ಶಬ್ದದ ಅರ್ಥ ಹೇಳುತ್ತಿದ್ದಳು. ಆದರೆ ಖಾಸಬಾಗದ ಅಡುಗೆಮನೆಯಲ್ಲಿ ಎಂಟು ವರ್ಷ ನಿಂತ ಕಿವಿ ಅದು, ಕನ್ನಡವನ್ನೇ ಕೇಳಿಸಿಕೊಂಡಿತು.

ಮಧ್ಯಾಹ್ನ ಅರಿಹಂತ ಫೋನಿಗಾಗಿ ಬಂದು ಊಟಕ್ಕೆ ಕುಳಿತಾಗ ಅವಳು ಕೇಳಿದ್ದನ್ನು ಕೇಳಿದಂತೆಯೇ ಒಪ್ಪಿಸಿದಳು. ಮೂಲೆ ಕಾಲಂ ಮೂರು ಇಂಚು ಆತಂತೆ. ಮೂರು ಇಂಚು ಏನಾಯಿತು ಎಂದು ಅವನು ಕೇಳಿದ. ಗದ್ದಲವಿತ್ತು, ಗೊತ್ತಾಗಲಿಲ್ಲ ಅಂದಳು. ಕಬ್ಬಿಣದ ಸಳಿಗೂ ಕಾಂಕ್ರೀಟು ಸುರಿಯಲು ಸುತ್ತ ಕಟ್ಟುವ ಹಲಗೆಗೂ ನಡುವೆ ಬಿಡುವ ಸಂದಿನ ಲೆಕ್ಕ ಹೇಳಿರಬೇಕು ಎಂದು ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಫೋನು ಅವನ ಕೈಯಲ್ಲೇ ಇತ್ತು. ತಿರುಗಿ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು.

ಮರುದಿನ ಅಜಿತಕುಮಾರರೇ ಖಾನಾಪುರಕ್ಕೆ ಹೋಗಿ ಹಲಗೆ ಬಿಚ್ಚಿಸಿದರು. ಕಾಲಂ ನೆಟ್ಟಗೇ ನಿಂತಿತ್ತು, ನಿಲ್ಲಬೇಕಾದ ಜಾಗದಲ್ಲಿ ಮಾತ್ರ ನಿಂತಿರಲಿಲ್ಲ. ಬುನಾದಿ ತುಂಬುವಾಗ ಯಾರೋ ಸಳಿಗಳ ಪಂಜರವನ್ನು ತುಳಿದಿದ್ದರು. ಅದನ್ನು ಬಿಗಿದು ಕಟ್ಟಿರಲಿಲ್ಲ, ಸರಿದು ಹಾಗೇ ಕೂತಿತ್ತು. ಫೋನಿನಲ್ಲಿ ಕೇಳಿಯೇ ಹಾಕಿದ್ದೆಂದು ಪುಂಡಲೀಕ ಆಡಿದ ಮಾತನ್ನೆಲ್ಲ ಒಪ್ಪಿಸಿದ. ಒಂಬತ್ತು ಇಂಚಿನ ಕಾಲಮ್ಮಿಗೆ ಮೂರು ಇಂಚೆಂದರೆ ಚಿಕ್ಕ ಮಾತಲ್ಲ. ಮೇಲಿನ ಕಾಲಂ ಗೋಡೆಯ ಸಾಲಿಗೆ ಬರಬೇಕು; ಬಂದರೆ ಅದರ ಮೂರರಲ್ಲೊಂದು ಪಾಲಿನ ಕೆಳಗೆ ಕಾಲಮ್ಮೇ ಇಲ್ಲ.

ಆ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಜೈನರ ಮನೆಯ ಪದ್ಧತಿ. ಅಜಿತಕುಮಾರರ ಹೆಂಡತಿ ಜಿನಮತಿ ಅದರಲ್ಲಿ ಬಲು ಕಟ್ಟುನಿಟ್ಟು. ಹಾಗಾಗಿ ಮನೆಯ ಜಗಳಗಳೆಲ್ಲ ಸಂಜೆ ಐದೂವರೆಗೆ ಶುರುವಾಗಿ ಆರೂಕಾಲರೊಳಗೆ ಮುಗಿಯುತ್ತಿದ್ದವು. ಅವತ್ತು ಹೆಸರುಕಾಳಿನ ಪಲ್ಯ, ಕಟ್ಟಿನ ಸಾರು. ಅಜಿತಕುಮಾರರು ಮೊದಲ ತುತ್ತು ಎತ್ತಿ ಹಾಗೇ ಕೆಳಗಿಟ್ಟರು.

“ಕಾಲಂ ಹಾಕೂ ದಿನಾ ನೀ ಎಲ್ಲಿದ್ದಿ?”

“ಟಿಳಕವಾಡಿಗೆ ನೀವ ಕಳಿಸಿದ್ರಿ ಅಪ್ಪಾ,” ಅಂದ ಅರಿಹಂತ.

“ಫೋನ್ ಎಲ್ಲಿತ್ತು?”

“ಮನ್ಯಾಗ. ಇಕಿ ಎತ್ತಿದ್ಲು. ಕಾಲಂ ಆತಂತ ಅಂತ ನನಗ ಹೇಳಿದ್ಲು, ಅಲ್ಲೆ ಆಂವಗೂ ಆತು ಅಂದಾಳ. ಆಂವ ಹಾಕ್ಯಾನ.”

ಮೂರು ಇಂಚಿನ ಮಾತು ಅವನ ಬಾಯಿಂದ ಬರಲೆಂದು ಸುಹಾಸಿನಿ ಸಾರಿನ ಸೌಟು ಹಿಡಿದು ಕಾದಳು. ಬರಲಿಲ್ಲ. ಅವನು ತಟ್ಟೆ ನೋಡುತ್ತಿದ್ದ. ಗಂಡನ ಮರ್ಯಾದೆ ಉಳಿಸಲು ಅವಳು ಸುಮ್ಮನಾದಳು ಎಂದರೆ ಕೇಳಲು ಚೆಂದ. ನಿಜ ಹೇಳಬೇಕೆಂದರೆ ಅವಳಿಗೆ ಭಯವಾಯಿತು. ಎರಡು ವರ್ಷದ ಹಿಂದೆ ಮಾವನ ಎದೆ ಕೊಯ್ದು ಆಪರೇಷನ್ ಆಗಿತ್ತು. ಅವರ ಮುಖ ಕೆಂಪಾದರೆ ಸಾಕು, ಮನೆಯವರೆಲ್ಲ ಉಸಿರು ಹಿಡಿಯುತ್ತಿದ್ದರು.

“ಖಾನಾಪುರದಾಗ ಹುಟ್ಟಿ ಬೆಳದಾಕಿ ನೀ. ಆತ ಅಂದ್ರ ಏನಂತ ತಿಳೀಲಿಲ್ಲೇನು?” ಅಂದರು ಜಿನಮತಿ.

ನಿನ್ನೆ ತಾನೇ ಹಾಕಿದ್ದಲ್ಲವೇ, ಒಡೆದು ಮತ್ತೆ ಹಾಕಲು ಬರುವುದಿಲ್ಲವೇ ಎಂದು ಸುಹಾಸಿನಿ ಮಾವನನ್ನು ಕೇಳಿದಳು. ಅಜಿತಕುಮಾರರಿಗೆ ಸೊಸೆಯ ಮೇಲೆ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದಾಗಿ ನಾಚಿಕೆಯಾಗಿತ್ತು.

“ಬೀಗರ ಮುಂದ, ಅವರ ಓಣಿ ಮಂದಿ ಮುಂದ, ನನ್ನ ಕಾಲಂ ನಾನ ಒಡೀಲೇನು? ಸ್ಲ್ಯಾಬ್ ಹಾಕೂ ಮುಂದ ಸಳಿ ಬಗ್ಗಿಸಿ ಲೈನಿಗೆ ತರೂಣು. ಪ್ಲಾಸ್ಟರ್ ಆದ ಮ್ಯಾಲ ದೇವರಿಗೂ ಗೊತ್ತಾಗೂದಿಲ್ಲ. ನಿಮ್ಮಪ್ಪನ ಮುಂದ ಬಾಯಿ ಬಿಡಬ್ಯಾಡ.”

ಆರು ಗಂಟೆಗೆ ತಟ್ಟೆಗಳೆದ್ದವು. ಪಲ್ಯ ಹಾಗೇ ಉಳಿದಿತ್ತು. ಮರುದಿನ ಜಿನಮತಿ ಅದನ್ನು ಆಕಳಿಗೆ ಹಾಕಿಸಿದರು.

ಮುಂದಿನ ದಿನಗಳಲ್ಲಿ ಅವಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು. ಪೇಟೆಯಿಂದ ಅರ್ಧ ಕಿಲೋ ತೊಗರಿಬೇಳೆ ತರಲು ಹೇಳಿದರೂ ಜಿನಮತಿ “ಸರಿ ಕೇಳಿಸ್ತಲ್ಲ?” ಎಂದು ಕೇಳಿಯೇ ಚೀಲ ಕೊಡುತ್ತಿದ್ದರು. ಮನೆಗೆಲಸದ ನಿಂಗವ್ವನ ಎದುರಿಗೂ ಹಾಗೇ. ಅರಿಹಂತ ಚಾರ್ಜರನ್ನು ಬ್ಯಾಗಿಗೆ ಹಾಕಿಕೊಂಡು ಓಡಾಡತೊಡಗಿದ. ಆರು ವರ್ಷದ ಮಗಳು ಮೇಘಾ ಒಮ್ಮೆ ಅಪ್ಪನ ಫೋನು ಬಡಿದಾಗ, “ಮಮ್ಮಿ, ನೀ ಎತ್ತಬ್ಯಾಡ,” ಅಂದಳು. ಮಗು ಕೇಳಿದ್ದನ್ನೇ ಹೇಳಿತು. ಸುಹಾಸಿನಿ ಅವತ್ತು ಬಚ್ಚಲಿಗೆ ಹೋಗಿ ಅತ್ತಳು.

ಖಾನಾಪುರದಿಂದ ಪಾಯಪ್ಪನವರು ದಿನಾ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದರು. ಕಿಟಕಿಯ ಚೌಕಟ್ಟುಗಳು ಬಂದವು, ಉಸುಕು ಚಲೋ ಬಂದಿದೆ, ಅಕ್ಕವ್ವ ಅಡುಗೆಮನೆ ಎಲ್ಲಿ ಅಂತ ಬರೀ ಕಾಲಂಗಳ ನಡುವೆಯೇ ನಿಂತು ನೋಡಿದಳು, ಹೀಗೆ. ಅವಳು ಹೂಂ, ಹೂಂ ಅನ್ನುತ್ತಿದ್ದಳು. ಮೂಲೆ ಕಾಲಮ್ಮಿನ ಬಗ್ಗೆ ಅವರು ಒಂದು ದಿನವೂ ಕೇಳಲಿಲ್ಲ. ನೋಡಿದರೆ ತಿಳಿಯುವಷ್ಟು ಕಣ್ಣು ಈಗ ಇಲ್ಲವೆಂದು ಅವಳು ತಿಳಿದಳು.

ಮೂರನೇ ವಾರ ಮೇಘಾಳಿಗೆ ಸ್ವೆಟರ್ ತರುವ ನೆಪ ಮಾಡಿ ಸುಹಾಸಿನಿ ಊರಿನ ಕ್ಯಾಂಪ್ ಭಾಗಕ್ಕೆ ಹೋದಳು. ಖಾನಾಪುರದ ಮನೆಯ ನಕ್ಷೆ ಮಾಡಿಕೊಟ್ಟ ಇಂಜಿನಿಯರ್ ದಾನೇಶ್ವರಿ ಅಲ್ಲಿ ಒಂದು ಹಳೆಯ ಬಂಗಲೆಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಸುಹಾಸಿನಿ ಹೆದರುತ್ತಲೇ ಎಲ್ಲ ಹೇಳಿದಳು, ಫೋನಿನ ಮಾತನ್ನೂ ಬಿಡಲಿಲ್ಲ. ದಾನೇಶ್ವರಿ ನಗಲಿಲ್ಲ, ಗದರಲೂ ಇಲ್ಲ. ಒಂದು ಹಾಳೆ ಎಳೆದುಕೊಂಡು ಚಿತ್ರ ಬರೆದರು. ಸಳಿಯನ್ನು ಒಂದು ಇಂಚು ಸರಿಸಬೇಕಾದರೆ ಆರು ಇಂಚು ಉದ್ದದಲ್ಲಿ ಓರೆಯಾಗಿ ಸಾವಕಾಶ ತರಬೇಕು. ಮೂರು ಇಂಚಿಗೆ ಹದಿನೆಂಟು ಇಂಚು ಬೇಕು, ಅದಕ್ಕೆ ಜಾಗ ಸಿಗುವುದು ತೊಲೆಯ ದಪ್ಪದೊಳಗೆ, ಅದು ಹನ್ನೆರಡೇ ಇಂಚು. ಗಕ್ಕನೆ ಬಗ್ಗಿಸಿದರೆ ಭಾರ ಬಿದ್ದಾಗ ಸಳಿ ಹೊರಗೆ ಸಿಡಿಯಲು ನೋಡುತ್ತದೆ, ಸುತ್ತಲಿನ ಕಾಂಕ್ರೀಟು ಒಡೆಯುತ್ತದೆ. ಇವತ್ತೋ, ಹತ್ತು ವರ್ಷಕ್ಕೋ, ನೆಲ ಸ್ವಲ್ಪ ನಡುಗಿದ ದಿನವೋ, ಅದನ್ನು ಯಾರೂ ಹೇಳಲಾರರು.

“ಮತ್ತ ಏನ್ ಮಾಡಬೇಕ್ರಿ ಮೇಡಂ?”

“ಕೆಳಗಿನ ಕಾಲಂ ಬುನಾದಿಯಿಂದ ಹೊರಮೈಗೆ ದಪ್ಪ ಮಾಡಬೇಕು. ಹೊಸಾ ಸಳಿ, ಹೊಸಾ ಕಾಂಕ್ರೀಟ್. ಮ್ಯಾಲಿಂದು ಪೂರ್ತಿ ಅದರ ಮ್ಯಾಲ ಕುಂದರತೈತಿ. ಹದಿನೈದ ದಿನದ ಕೆಲಸ, ದೊಡ್ಡದೇನಲ್ಲ. ಆದ್ರ ಸ್ಲ್ಯಾಬ್ ಹಾಕೂಕಿಂತ ಮೊದಲ ಆಗಬೇಕು. ಅಜಿತಕುಮಾರ್ ಅವರಿಗೆ ನಾ ಫೋನ್ ಮಾಡ್ಲೇನು?”

ಬೇಡ, ಮನೆಯವರಿಂದಲೇ ಹೇಳಿಸುತ್ತೇನೆ ಎಂದು ಸುಹಾಸಿನಿ ಹಾಳೆ ಮಡಚಿಕೊಂಡು ಬಂದಳು. ಆ ‘ಬೇಡ’ ಅಂದದ್ದಕ್ಕೆ ಆಮೇಲೆ ಅವಳು ಬಹಳ ಪರಿತಪಿಸಿದಳು.

ಅರಿಹಂತ ಹಾಳೆಯನ್ನು ಬಹಳ ಹೊತ್ತು ನೋಡಿದ. ಮಗಳು ಹೊರಗೆ ಆಡುತ್ತಿದ್ದಳು, ಜಿನಮತಿ ಬಸದಿಗೆ ಹೋಗಿದ್ದರು. ಇದನ್ನೆಲ್ಲ ಕಾಲೇಜಿನಲ್ಲೇ ಓದಿದ್ದೇನೆ ಅಂದ. ಹಾಗಾದರೆ ಮಾವನಿಗೆ ಹೇಳಿ ಅಂದಳು. ಅಪ್ಪನ ಎದೆಯ ಸ್ಥಿತಿ ನಿನಗೆ ಗೊತ್ತಿಲ್ಲವೇ ಅಂದ. ಇಂಥ ಕಾಲಂಗಳು ಬೆಳಗಾವಿ ತುಂಬ ನಿಂತಿವೆ, ಯಾವುದೂ ಬಿದ್ದಿಲ್ಲ ಅಂದ.

“ಮೂರ ಇಂಚ ಅಂತ ನಾ ಅವತ್ತ ಹೇಳಿದ್ದೆ. ನೀವು ಕೇಳಿದ್ರಿ,” ಅಂದಳು ಸುಹಾಸಿನಿ.

“ಕೇಳಿದ್ದೆ.”

ಅವನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ.

“ಈಗ ಅದನ್ನ ಅಪ್ಪನ ಮುಂದ ಹೇಳ್ತಿಯೇನು?” ಎಂದು ಅವನು ಕೇಳಿದ. ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡುವಂತಿತ್ತು. ಮೂವತ್ತಾರು ವರ್ಷದ ಗಂಡಸು ಅಪ್ಪನಿಗೆ ಹೆದರಿ ಹೆಂಡತಿಯ ಮುಂದೆ ಹಾಗೆ ನಿಂತದ್ದು ನೋಡಿ ಅವಳಿಗೆ ಅಸಹ್ಯವೂ ಆಯಿತು, ಕನಿಕರವೂ ಆಯಿತು. ಕನಿಕರ ಗೆದ್ದಿತು. ಹಾಳೆ ಅವನ ಜೇಬಿಗೆ ಹೋಯಿತು.

ಜನವರಿಯ ಎರಡನೇ ವಾರ ಸ್ಲ್ಯಾಬ್ ಹಾಕುವುದೆಂದಾಯಿತು. ಹಿಂದಿನ ದಿನ ಊಟದ ಹೊತ್ತಿಗೆ ಸುಹಾಸಿನಿ ತಾನೂ ಬರುತ್ತೇನೆ ಅಂದಳು. ತವರುಮನೆಯ ಸ್ಲ್ಯಾಬಿಗೆ ಮಗಳು ಬೇಡವೆನ್ನಲು ಕಾರಣ ಸಿಗದೆ ಜಿನಮತಿ ಹೂಂ ಅಂದರು.

ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ಮಾವ, ಗಂಡ, ಅವಳು ಮೂವರೂ ಖಾನಾಪುರದಲ್ಲಿದ್ದರು. ಆಳುಗಳು ಮೂವತ್ತು ಮಂದಿ, ಎರಡು ಮಷಿನ್. ಸುಹಾಸಿನಿ ನಿಚ್ಚಣಿಕೆ ಹತ್ತಿ ಮೂಲೆಗೆ ಹೋಗಿ ನೋಡಿದಳು. ಎಂಟು ಸಳಿಗಳ ಮೇಲೆ ಪೈಪು ತೂರಿಸಿ ಬಗ್ಗಿಸಿದ್ದರು. ಒಂದು ಗೇಣಿನೊಳಗೆ ಹೊರಗೆ ಬಾಗಿ ಮತ್ತೆ ನೆಟ್ಟಗಾಗಿದ್ದವು. ಬಾಗಿದ ಕಡೆ ಕಬ್ಬಿಣದ ಮೈ ಬಿರಿದು ಬೆಳ್ಳಗಾಗಿತ್ತು.

ಕೆಳಗೆ ಪಾಯಪ್ಪನವರು ಬಿಳಿ ಟೋಪಿ ಹಾಕಿಕೊಂಡು ಆಳುಗಳಿಗೆ ಚಹಾ ಕೊಡುತ್ತಿದ್ದರು. ಸುಹಾಸಿನಿ ಅವರನ್ನು ಇಟ್ಟಿಗೆಯ ರಾಶಿಯ ಹಿಂದೆ ಕರೆದೊಯ್ದು ಒಂದೇ ಉಸಿರಿಗೆ ಹೇಳಿದಳು. ಫೋನು ತಾನು ಎತ್ತಿದ್ದು, ತಪ್ಪು ಕೇಳಿಸಿಕೊಂಡದ್ದು, ಕ್ಯಾಂಪಿನ ಮೇಡಂ ಹೇಳಿದ್ದು, ಎಲ್ಲ. ಪಾಯಪ್ಪನವರು ಚಹಾದ ಕಿಟ್ಲಿ ಕೆಳಗಿಟ್ಟು ಟೋಪಿ ಸರಿಮಾಡಿಕೊಂಡರು.

“ನನಗ ಗೊತ್ತೈತಿ ಮಗಳ. ಹಲಗಿ ಬಿಚ್ಚಿದ ದಿನಾನ ಪುಂಡಲೀಕ ಹೇಳ್ಯಾನ.”

“ಗೊತ್ತಿದ್ದು ಯಾಕ ಸುಮ್ನ ಕುಂತಿ ಅಪ್ಪಾ?”

“ನಾ ಒಡೀರಿ ಅಂದ್ರ ನಿಮ್ಮ ಮಾವ ಒಡದು ಕೊಡತಾರ. ಆಮ್ಯಾಲ ಆ ಮನ್ಯಾಗ ನಿನ್ನ ಹೆಂಗ ಇಟಗೋತಾರ? ಈಗಾಗಲೇ ಏನೇನು ಅಂತಾರ ಅನ್ನೂದು ನಿನ್ನ ದನಿಯಾಗ ತಿಳೀತೈತಿ. ನಮ್ಮಿಬ್ಬರದು ಇನ್ನ ಎಷ್ಟ ದಿನಾ? ನಿಂದು ಇನ್ನೂ ಬಾಳೂದ ಐತಿ.”

ಅಷ್ಟರಲ್ಲಿ ಮಷಿನ್ ಶುರುವಾಯಿತು. ಸುಹಾಸಿನಿ ಅಲ್ಲಿಂದ ನೇರವಾಗಿ ಪುಂಡಲೀಕನ ಹತ್ತಿರ ಹೋದಳು. ಈ ಸಲ ತಪ್ಪಾಗಬಾರದೆಂದು, ನಿಲ್ಲಿಸಿ ಎಂದು ಮೊದಲು ಮರಾಠಿಯಲ್ಲಿ ಹೇಳಿದಳು: “ಥಾಂಬವಾ.” ಆಮೇಲೆ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಅಂದಳು.

“ಅವತ್ತ ನನ್ನ ಮಾತಿಗೆ ಕಾಂಕ್ರೀಟ್ ಹಾಕಿದ್ರಿ. ಇವತ್ತ ನನ್ನ ಮಾತಿಗೆ ನಿಲ್ಲಸ್ರಿ.”

ಪುಂಡಲೀಕ ಕೈ ಎತ್ತಿದ. ಮಷಿನ್ ನಿಂತಿತು. ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಅಜಿತಕುಮಾರರು ಏಳಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು ಬೇರೆ ಕಡೆ ನೋಡಿದರು. ಮೇಲೆ ಸಳಿಗಳ ನಡುವೆ ಅರಿಹಂತ ನಿಂತಲ್ಲೇ ನಿಂತಿದ್ದ. ಪುಂಡಲೀಕ ಮನೆಯ ಮಾಲಕನ ಕಡೆ, ಅಂದರೆ ಪಾಯಪ್ಪನವರ ಕಡೆ ತಿರುಗಿದ. ಕಲೆಸಿದ್ದು ಗಟ್ಟಿಯಾಗುತ್ತದೆ, ಬೇಗ ಹೇಳಬೇಕು ಅಂದ.

ಪಾಯಪ್ಪನವರು ಮಗಳನ್ನು ನೋಡಲಿಲ್ಲ.

“ಹಾಕ್ರಿ,” ಅಂದರು.

ಮಷಿನ್ ಮತ್ತೆ ತಿರುಗಿತು. ಬುಟ್ಟಿಗಳು ಕೈಯಿಂದ ಕೈಗೆ ಮೇಲೇರಿದವು. ಮೂಲೆಯ ಕಡೆಯಿಂದಲೇ ತುಂಬುತ್ತ ಬಂದರು. ಹತ್ತು ಗಂಟೆಯ ಹೊತ್ತಿಗೆ ಸಳಿಗಳು ಬಾಗಿದ ಭಾಗ ಕಾಣದಾಯಿತು. ತಪ್ಪಿ ಆಡಿದ ಮಾತಿಗೆ ಒಂದು ಕ್ಷಣವೂ ತಡೆಯದೆ ನಡೆದ ಕೆಲಸ, ತಿಳಿದು ಆಡಿದ ಮಾತಿಗೆ ಐದು ನಿಮಿಷ ಕೂಡ ನಿಲ್ಲಲಿಲ್ಲ. ಸುಹಾಸಿನಿ ಇಟ್ಟಿಗೆಯ ರಾಶಿಯ ಮೇಲೆ ಕುಳಿತಳು. ಅಕ್ಕವ್ವನಿಗೆ ಏನೂ ಗೊತ್ತಿರಲಿಲ್ಲ. ಮ್ಯಾಲ ಹೋಗಿ ಬಿಸಿಲು ಹತ್ತಿತೇನು ಎಂದು ಮಜ್ಜಿಗೆ ತಂದುಕೊಟ್ಟಳು.

ಆಮೇಲೆ ಮೂರು ತಿಂಗಳು ಖಾಸಬಾಗದ ಮನೆಯಲ್ಲಿ ಈ ವಿಷಯ ಯಾರೂ ಎತ್ತಲಿಲ್ಲ. ಜಿನಮತಿ ಚುಚ್ಚುವುದನ್ನು ಬಿಟ್ಟರು, ಮಾತಾಡುವುದನ್ನೇ ಬಿಟ್ಟಿದ್ದರಿಂದ. ಅವರಿಗೂ ಅವರದೇ ಕಾರಣವಿತ್ತು: ಗಂಡ ರಾತ್ರಿ ನಿದ್ದೆ ಮಾಡುತ್ತಿಲ್ಲ, ಹೊಸ ಕೆಲಸ ಒಂದೂ ಒಪ್ಪಿಕೊಳ್ಳುತ್ತಿಲ್ಲ ಎಂದು ನಿಂಗವ್ವನ ಹತ್ತಿರ ಹೇಳಿಕೊಂಡದ್ದು ಸುಹಾಸಿನಿಯ ಕಿವಿಗೆ ಬಿತ್ತು. ಬಿರುಕು ಬಿಡದ ಗೋಡೆಗಳ ಮಾತು ಮಾತ್ರ ಊಟದಲ್ಲಿ ನಿಂತೇ ಹೋಯಿತು. ಖಾನಾಪುರದಲ್ಲಿ ಮೇಲಿನ ಮನೆ ಎದ್ದಿತು, ಪ್ಲಾಸ್ಟರ್ ಆಯಿತು, ತಿಳಿ ಹಳದಿ ಬಣ್ಣ ಬಂತು.

ಅಕ್ಷಯ ತೃತೀಯೆಯ ದಿನ ಖಾನಾಪುರದ ಮನೆಯ ಗೃಹಪ್ರವೇಶ. ಖಾಸಬಾಗದವರೆಲ್ಲ ಬಂದರು, ಬರದಿದ್ದರೆ ಜನ ಏನೆನ್ನುತ್ತಾರೆ ಎಂದು. ಗೋಧಿ ಹುಗ್ಗಿ, ಬದನೆಕಾಯಿ ಎಣ್ಣೆಗಾಯಿ, ಅನ್ನ ಸಾರು. ಬೆಳಿಗ್ಗೆಯಿಂದ ಅಕ್ಕವ್ವನಿಗೆ ಮೊಣಕಾಲು ನೋವೂ ಮರೆತಿತ್ತು. ಕೆಲಸದ ನಡುವೆ ಅವಳು ಮಗಳ ಹತ್ತಿರ ಒಂದು ದೂರು ಹೇಳಿದಳು. ಮೇಲಿನ ಮನೆ ಕೇಳಿಕೊಂಡು ಇಬ್ಬರು ಬಂದಿದ್ದರಂತೆ, ಒಬ್ಬರು ಶಾಲೆಯ ಮಾಸ್ತರು, ಒಳ್ಳೆಯ ಜನ. ಅಪ್ಪ ಇಬ್ಬರಿಗೂ ಆಮೇಲೆ ನೋಡೋಣ ಎಂದು ಕಳಿಸಿಬಿಟ್ಟನಂತೆ. ಬಾಡಿಗೆಗೆಂದೇ ಕಟ್ಟಿಸಿದ್ದಲ್ಲವೇ, ಈ ಮುದುಕನ ತಲೆಯಲ್ಲಿ ಏನಿದೆಯೋ ಅಂದಳು. ಸುಹಾಸಿನಿ ಬದನೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

ಪೂಜೆ ಮುಗಿದ ಮೇಲೆ ಬಂದವರೆಲ್ಲ ಮೇಲಿನ ಮನೆ ನೋಡಲು ಹತ್ತಿದರು. ಹೊಸ ಮನೆಗೆ ಬಂದವರು ಹತ್ತದೆ ಇರುತ್ತಾರೆಯೇ. ಬೀಗರು, ಓಣಿಯವರು, ಅಂಗಡಿಯ ಗಿರಾಕಿಗಳು, ನಲವತ್ತು ಐವತ್ತು ಜನ. ಮಕ್ಕಳು ಅಲ್ಲೇ ಕುಣಿಯತೊಡಗಿದರು. ಯಾರೋ ಎಲ್ಲರನ್ನೂ ಮೂಲೆಗೆ ಸೇರಿಸಿ ಫೋಟೊ ತೆಗೆಯುತ್ತೇನೆಂದರು. ಪಾಯಪ್ಪನವರು ಕೆಳಗೆ ಅಂಗಳದಲ್ಲಿ ನಿಂತು, ಊಟಕ್ಕೆ ಬರ್ರಿ, ಊಟಕ್ಕೆ ಬರ್ರಿ ಎಂದು ಕರೆಯುತ್ತಿದ್ದರು. ಇನ್ನೂ ಹನ್ನೊಂದು ಗಂಟೆ. ಮುದುಕನಿಗೆ ಉಣಿಸುವ ಅವಸರ ನೋಡಿ ಎಂದು ಮೇಲಿನವರು ನಕ್ಕರು. ಸುಹಾಸಿನಿ ಬಾಗಿಲಿಗೆ ಬಂದಾಗ ತಂದೆಯ ಮುಖ ನೋಡಿದಳು. ಮೇಲಿನ ಸಜ್ಜೆಯನ್ನೇ ನೋಡುತ್ತ ನಿಂತಿದ್ದರು. ಮೇಘಾಳ ನಗು ಮೇಲಿನಿಂದ ಕೇಳಿತು. ಆಗ ಪಾಯಪ್ಪನವರು, ಹುಟ್ಟಿದಾಗಿನಿಂದ ಒಬ್ಬರ ಮೇಲೂ ದನಿ ಏರಿಸದವರು, ಇಡೀ ಓಣಿಗೆ ಕೇಳುವಂತೆ ಕಿರುಚಿದರು: “ಮೇಘಾ, ಕೆಳಗ ಇಳಿ!”

ಸುಹಾಸಿನಿ ಮೆಟ್ಟಿಲು ಹತ್ತಿದಳು.

“ಎಲ್ಲಾರೂ ಸಾವಕಾಶ ಕೆಳಗ ಇಳೀರಿ. ಈ ಮೂಲಿ ಕಾಲಂ ಸರಿ ಇಲ್ಲ. ಮೂರ ಇಂಚ ಸರದದ್ದಕ್ಕ ಸಳಿ ಬಗ್ಗಿಸಿ ಮುಚ್ಯಾರ. ಫೋನಿನ್ಯಾಗ ತಪ್ಪು ಕೇಳಿಸ್ಕೊಂಡಾಕಿ ನಾನ. ಮುಚ್ಚಿದ್ದು ಎರಡೂ ಮನಿಯವರು ಕೂಡೇ.”

ಹೆಂಗಸರು ಮಕ್ಕಳ ಕೈ ಹಿಡಿದರು. ಒಬ್ಬೊಬ್ಬರೇ ಗೋಡೆ ಮುಟ್ಟದೆ ಇಳಿದರು. ಎಲ್ಲರ ಹಿಂದೆ ಅರಿಹಂತ ಇಳಿದ. ಅವಳ ಪಕ್ಕ ಬಂದಾಗ ಒಂದು ಕ್ಷಣ ನಿಂತ. ಹಾಗೇ ಹೋದ.

ಊಟಕ್ಕೆ ಕೂತವರು ಹತ್ತು ಹದಿನೈದು ಜನ, ಅವರೂ ಅಂಗಳದಲ್ಲೇ. ಅಕ್ಕವ್ವ ಏನಾಯಿತು, ಏನಾಯಿತು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. ಅಜಿತಕುಮಾರರು ಬಡಿಸಿದ ಹುಗ್ಗಿಯನ್ನು ಮುಟ್ಟದೆ ಎದ್ದು, ಒಬ್ಬರೇ ಹೋಗಿ ಕಾರಿನಲ್ಲಿ ಕುಳಿತರು. ಬಾಗಿಲು ಹಾಕಿಕೊಳ್ಳಲೂ ಮರೆತಿದ್ದರು. ಜಿನಮತಿ ಸುಹಾಸಿನಿಯ ಎದುರಿಗೆ ಬಂದು ನಿಂತರು. ಅವರ ಕಣ್ಣಲ್ಲಿ ನೀರಿತ್ತು.

“ನಲವತ್ತೆಂಟ ವರ್ಷ ದುಡದಾರ. ಮಂದಿ ಮುಂದ ಹಿಂಗ ಮಾಡಿದಿ. ಮನ್ಯಾಗ ಹೇಳಬಾರದಾಗಿತ್ತೇನು?”

“ಮನ್ಯಾಗ ಹೇಳಿದ್ನಲ್ಲರಿ ಅತ್ತಿ,” ಅಂದಳು ಸುಹಾಸಿನಿ.

ಅರಿಹಂತ ಕಾರಿನ ಕೀಲಿ ಹಿಡಿದು ಗೇಟಿನ ಹತ್ತಿರ ಬಂದ. ಬರುತ್ತೀಯೋ ಇಲ್ಲವೋ ಎಂದು ಕೇಳಿದ. ಆ ಕಾಲಂ ಒಡೆಯಲು ಯಾವಾಗ ಬರುತ್ತೀರಿ, ಅದನ್ನು ಮೊದಲು ಹೇಳಿ ಅಂದಳು. ಅವನು ಕಾರಿನ ಕಡೆ ನೋಡಿದ. ಅಪ್ಪ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಒರಗಿದ್ದರು.

ಮೇಘಾ ಅಕ್ಕವ್ವನ ಸೆರಗು ಹಿಡಿದು, ತಾನು ಇಲ್ಲೇ ಇರುತ್ತೇನೆ, ರಜೆ ಇದೆಯಲ್ಲ ಎಂದು ಅಳತೊಡಗಿದಳು. ಸುಹಾಸಿನಿ ಮಗಳನ್ನು ಎತ್ತಿಕೊಂಡು ಹೋಗಿ ತಾನೇ ಕಾರಿನಲ್ಲಿ ಕೂರಿಸಿದಳು.

“ನೀ ಅಪ್ಪನ ಕೂಡ ಹೋಗು ಪುಟ್ಟಿ. ಈ ಮನ್ಯಾಗ ನೀ ಮಲಗೂದು ಬ್ಯಾಡ.”

“ನೀ?”

“ನಾ ಅಜ್ಜನ ಕೂಡ ಇರತೀನಿ.”

ಕಾರು ತಿರುವು ದಾಟುವವರೆಗೆ ಮಗು ಹಿಂದಿನ ಗಾಜಿಗೆ ಮುಖ ಒತ್ತಿಕೊಂಡಿತ್ತು. ಸುಹಾಸಿನಿ ಕೈ ಬೀಸಲಿಲ್ಲ, ಬೀಸಿದರೆ ತಾನೇ ಓಡಿಹೋಗಿ ಹತ್ತಿಬಿಡುತ್ತೇನೆ ಅನ್ನಿಸಿತ್ತು. ಇನ್ನು ಆ ಬಾಗಿಲು ತನಗೆ ತೆರೆಯುತ್ತದೋ ಇಲ್ಲವೋ ಅವಳಿಗೆ ತಿಳಿಯದು.

ಮಧ್ಯಾಹ್ನ ಅಕ್ಕವ್ವ ಅತ್ತು ಅತ್ತು ಮಲಗಿದಳು. ಸುಹಾಸಿನಿ ಮೇಲಿನ ಕೋಣೆಯಲ್ಲಿಟ್ಟಿದ್ದ ಗಾದಿ, ಟ್ರಂಕು, ಕಾಳಿನ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಪಾಯಪ್ಪನವರು ಬೇಡ ಅನ್ನಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಒಂದೊಂದನ್ನೇ ಇಸಿದುಕೊಂಡರು. ಕೊನೆಗೆ ಅವಳು ಮಾಳಿಗೆ ಹತ್ತಿದಳು. ಅಲ್ಲಿ, ಅದೇ ಮೂಲೆಯ ಮೇಲೆ, ನೀರಿನ ಹೊಸ ಕರಿ ಟಾಕಿ ಕೂತಿತ್ತು. ನೆಂಟರು ಬರುತ್ತಾರೆಂದು ಬೆಳಿಗ್ಗೆಯೇ ಸಾವಿರ ಲೀಟರ್ ತುಂಬಿಸಿದ್ದರು, ಆ ಭಾರವೆಲ್ಲ ಮೂಲೆ ಕಾಲಮ್ಮಿನ ಮೇಲೇ. ಅವಳು ಬುಡದ ನಲ್ಲಿ ಪೂರ್ತಿ ತಿರುಗಿಸಿದಳು. ನೀರು ಪೈಪಿನಿಂದ ಅಂಗಳಕ್ಕೆ ಧುಮುಕಿ ಓಣಿಗೆ ಹರಿಯಿತು. ಬಿರುಬೇಸಿಗೆಯಲ್ಲಿ ನೀರು ಹೀಗೆ ಬಿಡುತ್ತಾರೆಯೇ ಎಂದು ಎದುರುಮನೆಯ ಕಾಶವ್ವ ಕೂಗಿದಳು, ಆಮೇಲೆ ಏನೋ ನೆನಪಾಗಿ ಸುಮ್ಮನೆ ಒಳಗೆ ಹೋದಳು.

ಸುಹಾಸಿನಿ ಇಳಿದು ಬಂದು ತಂದೆಯ ಪಕ್ಕ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. ಪಾಯಪ್ಪನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಹರಿಯುವ ನೀರನ್ನು ನೋಡುತ್ತಲೇ ಮಾತಾಡಿದರು.

“ನನಗ ಅಂಜಿಕಿ ಬರತಿತ್ತ ಮಗಳ. ಸ್ಲ್ಯಾಬ್ ಹಾಕಿದ ದಿನದಿಂದ, ದಿನಾ.”

ಅವಳು ಅವರ ಕೈ ಹಿಡಿದುಕೊಂಡಳು. ಟಾಕಿ ಖಾಲಿಯಾಗಲು ಮುಕ್ಕಾಲು ತಾಸು ಹಿಡಿಯಿತು. ಅಲ್ಲಿಯವರೆಗೆ ಇಬ್ಬರೂ ಅಲ್ಲಿಂದ ಏಳಲಿಲ್ಲ.